ತೊಟ್ಟು ಸವೆದ ಬಟ್ಟೆ ಮ್ಯೂಸಿಯಂ ಗೋಡೆ ಏರಿದ್ದು ಹೇಗೆ? ಜೀಸ್ ಬೆಂಡ್‌ನಿಂದ ಹಳಿಯಾಳದ ತನಕ ಒಂದು ಕೌದಿ ಕಥೆ

ಈ ಸಲದ ಮಾತು ಕೌದಿ ಬಗ್ಗೆ. ವಿಡಿಯೋ ನೋಡೋಕೆ ಟೈಮ್ ಸಿಗದವರು, ಆಫೀಸ್ ಕ್ಯಾಬ್‌ನಲ್ಲಿ ಕೂತು ಓದೋಕೆ ಇಷ್ಟಪಡುವವರು ಇಲ್ಲೇ ಓದಬಹುದು. ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ, ತಾರೀಕುಗಳನ್ನ ಸರಿಯಾಗಿ ಸೇರಿಸಿ ಹಾಕಿದ್ದೀನಿ.

ಮೊದಲು ಹೆಸರಿನಿಂದ ಶುರು ಮಾಡೋಣ. ಉತ್ತರ ಕರ್ನಾಟಕದವರಿಗೆ ಕೌದಿ ಅಂದ್ರೆ ಏನು ಅಂತ ಹೇಳೋದೇ ಬೇಡ. ಹಳೇ ಸೀರೆ, ಧೋತರ, ಹರಿದ ಅಂಗಿ, ಮಕ್ಕಳಿಗೆ ಚಿಕ್ಕದಾದ ಲಂಗ, ಎಲ್ಲವನ್ನೂ ಒಂದರ ಮೇಲೊಂದು ಹಾಸಿ, ದಪ್ಪ ದಾರದಲ್ಲಿ ಸಾಲು ಸಾಲಾಗಿ ಹೊಲಿದು ಮಾಡಿದ ಹೊದಿಕೆ. ಪುಣೆ, ಮುಂಬೈನಲ್ಲಿ ಇರುವವರು ಇದನ್ನೇ ಗೋಧಡಿ ಅಂತ ಕೇಳಿರ್ತೀರಿ. ಹೈದರಾಬಾದಿನವರಿಗೆ ಬೊಂತ. ದೆಹಲಿ ಕಡೆ ಗುದಡಿ. ಬಂಗಾಳಿ ಸಹೋದ್ಯೋಗಿಗಳನ್ನ ಕೇಳಿದರೆ ಕಾಂಥಾ ಅಂತಾರೆ.

ನಮ್ಮಲ್ಲಿ ಒಂದು ಗಾದೆ ಇದೆ, 'ಕಂತೆಗೆ ತಕ್ಕ ಬೊಂತೆ' ಅಂತ. ಗಂಡ ಹೆಂಡತಿ ಇಬ್ಬರೂ ಸರಿಯಿಲ್ಲ, ಅಥವಾ ಮ್ಯಾನೇಜರ್ ಮತ್ತು ಟೀಮ್ ಇಬ್ಬರೂ ಒಂದೇ ಥರ ಅಂತ ಬೈಯೋಕೆ ಬಳಸ್ತೀವಿ. ಈ ಕಂತೆಯ ಹಳೇ ಅರ್ಥ ತೇಪೆ ಹಾಕಿದ ಬಟ್ಟೆ. ಸಂಸ್ಕೃತದ ಕಂಥಾ, ಬಂಗಾಳದ ಕಾಂಥಾ, ನಮ್ಮ ಕಂತೆ, ಮೂರೂ ಒಂದೇ ಪದ. ಬೊಂತೆ ಅಂದರೂ ಅದೇ, ಚಿಂದಿ ಸೇರಿಸಿ ಹೊಲಿದ ಹೊದಿಕೆ. ಅಂದ್ರೆ ಒಂದೇ ಬೈಗುಳದಲ್ಲಿ ಎರಡು ಕೌದಿ ಇವೆ! ಭಾಷೆ ಈ ವಸ್ತುವನ್ನ ಯಾವ ಜಾಗದಲ್ಲಿ ಇಟ್ಟಿತ್ತು ಅನ್ನೋದು ಇದರಲ್ಲೇ ಗೊತ್ತಾಗುತ್ತೆ. ಬಡತನದ ಗುರುತು, ನಗೋಕೆ ಒಂದು ನೆಪ.

ಹಾಗಾದ್ರೆ ಇಂಥದ್ದೇ ಒಂದು ವಸ್ತು ನ್ಯೂಯಾರ್ಕ್‌ನ ಮ್ಯೂಸಿಯಂ ಗೋಡೆ ಮೇಲೆ ಹೇಗೆ ಬಂತು? ಬಂದ ಮೇಲೆ ಹೊಲಿದವರಿಗೆ ಏನು ಸಿಕ್ಕಿತು? ಇದಕ್ಕೆ ಉತ್ತರ ಹುಡುಕ್ತಾ ಹೋದಾಗ ನಾನು ತಲುಪಿದ್ದು ಅಮೆರಿಕದ ಅಲಬಾಮಾ ರಾಜ್ಯದ ಒಂದು ಸಣ್ಣ ಊರಿಗೆ. ಹಳೇ ಬಟ್ಟೆ ಕಲೆ ಆಗುವ ದಾರಿಯ ಪೂರಾ ದಾಖಲೆ ಆ ಒಂದೇ ಊರಲ್ಲಿ ಸಿಗುತ್ತೆ. ಯಾರು ತೊಟ್ಟರು, ಯಾರು ಹೊಲಿದರು, ಯಾರು ಕೊಂಡರು, ದುಡ್ಡು ಯಾರಿಗೆ ಹೋಯಿತು, ಎಲ್ಲ. ಕೊನೆಗೆ ನಮ್ಮ ಹಳಿಯಾಳ, ಯಲ್ಲಾಪುರದ ಕಾಡಿಗೆ ವಾಪಸ್ ಬರೋಣ. ಆ ಊರಿಗೂ ಈ ಕಾಡಿಗೂ ಒಂದು ಸಂಬಂಧ ಇದೆ.

ಒಡೆಯನ ಹೆಸರು ಹೊತ್ತ ಊರು

ಊರಿನ ಹೆಸರು ಜೀಸ್ ಬೆಂಡ್. ಅಲಬಾಮಾ ನದಿ ಅಲ್ಲಿ ದೊಡ್ಡದಾಗಿ ತಿರುವು ತಗೊಳ್ಳುತ್ತೆ. ಊರಿನ ಮೂರು ಕಡೆ ನೀರು, ಒಂದೇ ಕಡೆ ನೆಲ. 1816ರಲ್ಲಿ ಜೋಸೆಫ್ ಜೀ ಎಂಬುವನು ಅಲ್ಲಿ ಹತ್ತಿ ಬೆಳೆಯೋಕೆ ಪ್ಲಾಂಟೇಷನ್ ಮಾಡಿದ. ಬೆಂಡ್ ಅಂದ್ರೆ ತಿರುವು. ಜೀಯ ತಿರುವು, ಜೀಸ್ ಬೆಂಡ್. 1845ರಲ್ಲಿ ಆ ಜಮೀನು ಸಾಲದ ಲೆಕ್ಕದಲ್ಲಿ ಮಾರ್ಕ್ ಪೆಟ್‌ವೇ ಎಂಬುವನ ಕೈಗೆ ಬಂತು. ಅವನು ನಾರ್ತ್ ಕೆರೊಲಿನಾದಿಂದ ಬರುವಾಗ ಸುಮಾರು ನೂರು ಜನ ಕಪ್ಪು ಗುಲಾಮರನ್ನ ಕರೆತಂದ. ಒಡೆಯನ ಕುಟುಂಬ ಬಂಡಿಯಲ್ಲಿ, ಗುಲಾಮರು ಕಾಲ್ನಡಿಗೆಯಲ್ಲಿ.

ಗುಲಾಮಗಿರಿ 1865ರಲ್ಲಿ ಕಾನೂನಿನ ಪ್ರಕಾರ ಮುಗಿಯಿತು. ಆದರೆ ಆ ಜನ ಎಲ್ಲಿಗೆ ಹೋಗಬೇಕು? ಅದೇ ನೆಲದಲ್ಲಿ ಪಾಲಿಗೆ ಉಳುಮೆ ಮಾಡುತ್ತಾ ಉಳಿದರು. ಒಡೆಯನ ಹೆಸರೇ ಅವರ ಮನೆತನದ ಹೆಸರಾಯಿತು. ಇವತ್ತಿಗೂ ಆ ಊರಲ್ಲಿ ಯಾರನ್ನ ಕೇಳಿದರೂ ಪೆಟ್‌ವೇ. ಒಬ್ಬರಿಗೊಬ್ಬರು ಸಂಬಂಧಿಕರಲ್ಲದಿದ್ದರೂ ಪೆಟ್‌ವೇ. ಈ ಹೆಸರನ್ನ ನೆನಪಿಟ್ಟುಕೊಳ್ಳಿ. ಮುಂದೆ ಇದೇ ಹೆಸರು ಬೇರೆ ಥರ ಬರುತ್ತೆ.

1930ರ ದಶಕದ ಆರ್ಥಿಕ ಕುಸಿತದಲ್ಲಿ ಹತ್ತಿಯ ಬೆಲೆ ನೆಲಕ್ಕೆ ಬಿತ್ತು. ಪಕ್ಕದ ಕ್ಯಾಮ್ಡನ್ ಪಟ್ಟಣದ ಒಬ್ಬ ವ್ಯಾಪಾರಿ ಊರಿಗೆಲ್ಲ ಸಾಲ ಕೊಟ್ಟಿದ್ದ. ಅವನು ತೀರಿಕೊಂಡ. 1932ರಲ್ಲಿ ಅವನ ಮನೆಯವರು ಸಾಲ ವಸೂಲಿಗೆ ಇಳಿದರು. ದನ, ಹೇಸರಗತ್ತೆ, ನೇಗಿಲು, ಮನೆಯಲ್ಲಿದ್ದ ಜೋಳ, ಕೈಗೆ ಸಿಕ್ಕಿದ್ದೆಲ್ಲ ಬಂಡಿಗೆ ಹಾಕಿಕೊಂಡು ಹೋದರು. ಆ ಚಳಿಗಾಲ ಊರು ಉಪವಾಸ ಬಿತ್ತು. ಕೊನೆಗೆ ರೆಡ್ ಕ್ರಾಸ್ ಹಿಟ್ಟು ಕಳಿಸಿ ಜೀವ ಉಳಿಸಬೇಕಾಯಿತು. ನಮ್ಮ ಕಡೆಯ ಸಾಹುಕಾರಿ ಸಾಲದ ಕಥೆ ಕೇಳಿ ಬೆಳೆದವರಿಗೆ ಇದು ದೂರದ ಕಥೆ ಅನ್ನಿಸೋದಿಲ್ಲ.

1937ರಲ್ಲಿ ಸರ್ಕಾರದ ಕಡೆಯಿಂದ ಆರ್ಥರ್ ರಾತ್‌ಸ್ಟೀನ್ ಎಂಬ ಫೋಟೋಗ್ರಾಫರ್ ಆ ಊರಿಗೆ ಬಂದ. ಅವನು ತೆಗೆದ ಒಂದು ಫೋಟೋ ತುಂಬಾ ಪ್ರಸಿದ್ಧ. ಮರದ ದಿಮ್ಮಿಗಳ ಮನೆ, ಕಿಟಕಿಯಲ್ಲಿ ನಿಂತ ಒಬ್ಬ ಹುಡುಗಿ, ಕಿಟಕಿ ಬಾಗಿಲಿಗೆ ಗಾಳಿ ಬರದ ಹಾಗೆ ಅಂಟಿಸಿದ ಹಳೇ ಪೇಪರ್. ಆ ಪೇಪರ್‌ನಲ್ಲಿ ತಿಂಡಿ ತಿನಿಸಿನ ಜಾಹೀರಾತು. ಫೋಟೋದ ಶೀರ್ಷಿಕೆ 'ಜೀಸ್ ಬೆಂಡ್‌ನ ಹುಡುಗಿ', ಅಷ್ಟೇ. ಅವಳಿಗೆ ಆರ್ಟೀಲಿಯಾ ಬೆಂಡಾಲ್ಫ್ ಅಂತ ಒಂದು ಹೆಸರಿತ್ತು. ಚಿತ್ರ ದೇಶ ಸುತ್ತಿತು, ಹೆಸರು ಊರಲ್ಲೇ ಉಳಿಯಿತು.

ಚಳಿಗಾಗಿ ಹೊಲಿದದ್ದು

ಆ ಮನೆಗಳ ಗೋಡೆಯ ಸಂದಿಯಲ್ಲಿ ಚಳಿಗಾಳಿ ನುಗ್ಗುತ್ತಿತ್ತು. ಹಾಗಾಗಿ ಕೌದಿ ಬೇಕೇ ಬೇಕು. ಒಂದು ಮನೆಗೆ ಒಂದೆರಡು ಸಾಲದು, ಮಲಗೋಕೆ, ಹೊದೆಯೋಕೆ, ಗೋಡೆಗೆ ತೂಗುಹಾಕೋಕೆ. ಹೊಸ ಬಟ್ಟೆ ಕೊಳ್ಳೋಕೆ ದುಡ್ಡಿಲ್ಲ. ಇದ್ದದ್ದು ಹೊಲದಲ್ಲಿ ದುಡಿದು ಸವೆದ ಪ್ಯಾಂಟು, ಅಂಗಿ, ಹೆಂಗಸರ ಗೌನು, ಹಿಟ್ಟಿನ ಚೀಲ, ಗೊಬ್ಬರದ ಚೀಲ.

ಕೆಲಸ ಹೇಗೆ ನಡೀತಿತ್ತು ನೋಡಿ. ಮೊದಲು ಹಳೇ ಬಟ್ಟೆಯನ್ನ ಹರಿದು ಪಟ್ಟಿ ಮಾಡೋದು. ಕತ್ತರಿಗಿಂತ ಹೆಚ್ಚಾಗಿ ಕೈಯಲ್ಲೇ ಹರಿಯೋದು. ಪಟ್ಟಿಗಳನ್ನ ಜೋಡಿಸಿ ಮೇಲ್ಪದರ ಮಾಡೋದು. ನಡುವೆ ತುಂಬೋಕೆ ಹತ್ತಿ. ಹತ್ತಿ ಬೆಳೆಯುವ ಊರಾದರೂ ಒಳ್ಳೇ ಹತ್ತಿ ಮಾರಾಟಕ್ಕೆ ಹೋಗ್ತಿತ್ತು. ಜಿನ್ನಿನ ನೆಲದ ಮೇಲೆ ಉಳಿದದ್ದನ್ನ ಗುಡಿಸಿ ತಂದು, ಕೋಲಿನಿಂದ ಬಡಿದು ಹಗುರ ಮಾಡಿ ಬಳಸುತ್ತಿದ್ದರು. ಕೆಳಗೆ ಚೀಲದ ಬಟ್ಟೆ. ಆಮೇಲೆ ನಾಲ್ಕಾರು ಹೆಂಗಸರು ಸುತ್ತ ಕೂತು, ಹಾಡ್ತಾ, ಮೂರೂ ಪದರ ಸೇರಿಸಿ ಹೊಲಿಯೋದು.

ಅವರ ಹಲವು ವಿನ್ಯಾಸಗಳಲ್ಲಿ ಹೆಚ್ಚು ಕಾಣುವುದು 'ಹೌಸ್‌ಟಾಪ್', ಅಂದ್ರೆ ಮನೆಯ ಮಾಡು. ನಡುವೆ ಒಂದು ಚೌಕ, ಅದರ ಸುತ್ತ ಪಟ್ಟಿ, ಅದರ ಸುತ್ತ ಇನ್ನೊಂದು ಪಟ್ಟಿ, ಹೀಗೆ ನಡುವಿನಿಂದ ಹೊರಗೆ ಬೆಳೆಯುತ್ತಾ ಹೋಗುತ್ತೆ. ಕಾಗದದ ಮೇಲೆ ನಕ್ಷೆ ಇಲ್ಲ. ಅಳತೆ ಕೋಲೂ ಇಲ್ಲ. ಪಟ್ಟಿ ಮುಗಿದಲ್ಲಿ ಬಣ್ಣ ಬದಲಾಗುತ್ತೆ, ಬಟ್ಟೆ ಸಾಲದಿದ್ದಲ್ಲಿ ಗೆರೆ ಸೊಟ್ಟಗಾಗುತ್ತೆ. ಆದರೆ ಆ ಸೊಟ್ಟವನ್ನ ಸರಿದೂಗಿಸೋಕೆ ಇನ್ನೊಂದು ಮೂಲೆಯಲ್ಲಿ ಕೆಂಪು ತುಂಡೊಂದು ಬಂದು ಕೂತಿರುತ್ತೆ. ಇದು ಅಕಸ್ಮಾತ್ ಆದದ್ದಲ್ಲ, ಕಣ್ಣಿಟ್ಟು ಮಾಡಿದ್ದು. ಇನ್ನೊಬ್ಬಳ ಮನೆಯ ಕೌದಿಯಂತೆ ತನ್ನದು ಇರಬಾರದು ಅನ್ನೋದು ಅಲ್ಲಿನ ಹೆಂಗಸರ ಹಟ. ತಾವು ಮಾಡುವುದನ್ನ 'ನನ್ನ ದಾರಿ' ಅಂತಲೇ ಅವರು ಕರೆದುಕೊಳ್ಳುತ್ತಿದ್ದರು.

ಇಲ್ಲಿ ಒಂದು ಎಚ್ಚರಿಕೆ ಹೇಳ್ಬೇಕು. ಈ ಥರದ ವಿಷಯ ಬಂದಾಗ ನಾವೆಲ್ಲ ಸ್ವಲ್ಪ ಭಾವುಕರಾಗ್ತೀವಿ. ಅಜ್ಜಿ, ಸೂಜಿ, ಪ್ರೀತಿ ಅಂತ ಹೊರಟುಬಿಡ್ತೀವಿ. ಜೀಸ್ ಬೆಂಡ್‌ನ ಅತ್ಯುತ್ತಮ ಕಲಾವಿದೆಯರಲ್ಲಿ ಒಬ್ಬರು ಲೊರೆಟ್ಟಾ ಪೆಟ್‌ವೇ. ಹೊಲಿಯುವುದು ತನಗೆ ಇಷ್ಟವೇ ಇರಲಿಲ್ಲ, ಮನೆಯಲ್ಲಿ ಬೇಕಾದಷ್ಟು ಕೆಲಸವಿತ್ತು, ಆದರೆ ಮಕ್ಕಳಿಗೆ ಚಳಿಯಾಗುತ್ತಿತ್ತು, ಹಾಗಾಗಿ ಹೊಲಿದೆ ಅಂತ ಆಕೆ ಹೇಳಿಕೊಂಡಿದ್ದಾರೆ. ಇಷ್ಟವಿಲ್ಲದೆ, ದಣಿದು, ದೀಪದ ಬೆಳಕಿನಲ್ಲಿ ಹೊಲಿದದ್ದೂ ಇಷ್ಟು ಚೆನ್ನಾಗಿ ಬಂದಿದೆ ಅಂದ್ರೆ ಅದು ಆ ಕಣ್ಣಿನ ಶಕ್ತಿ. ಬಡತನವನ್ನ ಹೊಗಳೋಕೆ ಅದು ಕಾರಣವಲ್ಲ.

1942ರ ಒಂದು ಕೌದಿ

ಜೀಸ್ ಬೆಂಡ್‌ನ ನೂರಾರು ಕೌದಿಗಳಲ್ಲಿ ನನ್ನನ್ನ ಹೆಚ್ಚು ಹಿಡಿದು ನಿಲ್ಲಿಸಿದ್ದು ಮಿಸೌರಿ ಪೆಟ್‌ವೇ ಹೊಲಿದದ್ದು. ಆಕೆಯ ಗಂಡ ಎಂಟು ತಿಂಗಳು ಕಾಯಿಲೆ ಬಿದ್ದು ತೀರಿಕೊಂಡ. ಆಮೇಲೆ ಆಕೆ ಮಗಳು ಆರ್ಲಾಂಜಿಯಾಳನ್ನ ಕರೆದು, ಅಪ್ಪನ ಕೆಲಸದ ಬಟ್ಟೆಗಳನ್ನ ತಂದು ಹರಿದು ಕೊಡು ಅಂದಳು. ಮಗಳಿಗೆ ಆಗ ಹದಿನೇಳೋ ಹದಿನೆಂಟೋ. ಅವನ ನೆನಪಿಗೆ ಒಂದು ಕೌದಿ ಮಾಡ್ತೀನಿ, ಅದನ್ನ ಹೊದ್ದು ಮಲಗ್ತೀನಿ ಅಂತ ತಾಯಿ ಹೇಳಿದ್ದನ್ನ ಮಗಳು ಎಷ್ಟೋ ವರ್ಷದ ನಂತರ ನೆನಪು ಮಾಡಿಕೊಂಡಳು. ಅದಕ್ಕೇ ಇವತ್ತು ನಮಗೆ ಇದು ಗೊತ್ತಿದೆ.

ಚಿತ್ರ ಇಂಟರ್‌ನೆಟ್‌ನಲ್ಲಿ ಸಿಗುತ್ತೆ, ಹುಡುಕಿ ನೋಡಿ. ಬೂದು, ನೀಲಿ, ಮಾಸಿದ ಬಿಳಿ, ನಡುವೆ ಅಲ್ಲಲ್ಲಿ ಕಂದು, ಕೆಂಪು. ನೀಲಿ ಎಲ್ಲ ಕಡೆ ಒಂದೇ ನೀಲಿಯಲ್ಲ. ಬಿಸಿಲು ಬಿದ್ದ ಕಡೆ ತೆಳು, ಜೇಬು ಮುಚ್ಚಿದ್ದ ಕಡೆ ಗಾಢ. ಮೊಣಕಾಲು ಊರಿ ಊರಿ ಬಟ್ಟೆ ಸವೆದು ಬೆಳ್ಳಗಾಗಿರುತ್ತೆ. ಒಬ್ಬ ಪೇಂಟರ್ ಈ ಬಣ್ಣಗಳನ್ನ ಟ್ಯೂಬಿನಿಂದ ತೆಗೆಯಬಹುದು. ಆದರೆ ಇಲ್ಲಿ ಬಣ್ಣ ಬಳಿದದ್ದು ಒಬ್ಬ ಮನುಷ್ಯನ ಹೊಲದ ಕೆಲಸ. ಅವನು ಎಲ್ಲಿ ಬಗ್ಗಿದ, ಎಲ್ಲಿ ಕೂತ, ಎಲ್ಲಿ ಬೆವೆತ ಅನ್ನೋದು ಬಟ್ಟೆಯಲ್ಲಿ ಬರೆದಿದೆ. ಹೆಂಡತಿ ಅದನ್ನ ಅಳಿಸಲಿಲ್ಲ. ಸವೆದ ಭಾಗವನ್ನ ಕತ್ತರಿಸಿ ಬಿಸಾಡಲೂ ಇಲ್ಲ. ಅದನ್ನೇ ಜೋಡಿಸಿದಳು.

ಹಳೇ ಬಟ್ಟೆ ಯಾವ ಗಳಿಗೆಯಲ್ಲಿ ಕಲೆ ಆಗುತ್ತೆ ಅಂತ ನನ್ನನ್ನ ಕೇಳಿದರೆ, ಉತ್ತರ ಇಲ್ಲೇ ಇದೆ ಅಂತೀನಿ. 1942ರಲ್ಲಿ, ಆ ಮನೆಯಲ್ಲಿ. ಆಗ ಅಲ್ಲಿ ಮ್ಯೂಸಿಯಂ ಇರಲಿಲ್ಲ, ವಿಮರ್ಶಕ ಇರಲಿಲ್ಲ, ಕೊಳ್ಳುವವನೂ ಇರಲಿಲ್ಲ.

ದೋಣಿ ನಿಂತಿತು, ಸಂಘ ಹುಟ್ಟಿತು

ನದಿ ದಾಟಿದರೆ ಕ್ಯಾಮ್ಡನ್. ಕೌಂಟಿ ಕಚೇರಿ, ಅಂಗಡಿ ಎಲ್ಲ ಅಲ್ಲೇ. ದಾಟೋಕೆ ಒಂದು ದೋಣಿ ಸೇವೆ ಇತ್ತು. 1960ರ ದಶಕದಲ್ಲಿ ಕಪ್ಪು ಜನ ಮತದಾರರ ಪಟ್ಟಿಗೆ ಹೆಸರು ಸೇರಿಸೋಕೆ ಕ್ಯಾಮ್ಡನ್‌ಗೆ ಹೋಗೋಕೆ ಶುರು ಮಾಡಿದರು. 1962ರಲ್ಲಿ ದೋಣಿ ನಿಂತಿತು. ರಸ್ತೆಯಲ್ಲಿ ಸುತ್ತಿಕೊಂಡು ಹೋಗಬೇಕು ಅಂದ್ರೆ ಒಂದು ಗಂಟೆ ದಾರಿ, ಅದೂ ವಾಹನ ಇದ್ದವರಿಗೆ. 1965ರ ಫೆಬ್ರವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಜೀಸ್ ಬೆಂಡ್‌ಗೆ ಬಂದು ಮಾತಾಡಿದರು. ಜನ ಮತ್ತೆ ಹೊರಟರು. ಮತ ಕೇಳಿದ ತಪ್ಪಿಗೆ ಆ ಪ್ರದೇಶದಲ್ಲಿ ಕೆಲಸ ಕಳೆದುಕೊಂಡವರು, ಮನೆ ಕಳೆದುಕೊಂಡವರು ಇದ್ದಾರೆ.

ಆ ಹೊತ್ತಲ್ಲೇ ಫ್ರಾನ್ಸಿಸ್ ವಾಲ್ಟರ್ ಎಂಬ ಪಾದ್ರಿ ಆ ಕಡೆ ಹೋಗ್ತಿದ್ದಾಗ, ಒಂದು ಮನೆಯ ಮುಂದೆ ತಂತಿ ಮೇಲೆ ಒಣಹಾಕಿದ ಕೌದಿಗಳನ್ನ ನೋಡಿದರು. ಒಂದಕ್ಕೆ 10 ಡಾಲರ್ ಕೊಟ್ಟು ಕೆಲವನ್ನ ಕೊಂಡು ನ್ಯೂಯಾರ್ಕ್‌ನಲ್ಲಿ ಹರಾಜು ಹಾಕಿದರು. ಬಂದ ದುಡ್ಡು, ಬಂದ ಗಮನ, ಎರಡರಿಂದ 1966ರಲ್ಲಿ 'ಫ್ರೀಡಂ ಕ್ವಿಲ್ಟಿಂಗ್ ಬೀ' ಎಂಬ ಮಹಿಳೆಯರ ಸಹಕಾರ ಸಂಘ ಶುರುವಾಯಿತು. ಆ ಭಾಗದ ಹೆಂಗಸರಿಗೆ ಕೈಗೆ ಸಂಬಳ ಬರುವ ಕೆಲಸ ಅಂದ್ರೆ ಅದೇ ಮೊದಲು ಅನ್ನುವಷ್ಟು ಅಪರೂಪದ್ದು. ಹೆಂಗಸರು ಒಡೆಯನ ಹಂಗಿಲ್ಲದೆ ಬದುಕೋಕೆ ಅದು ದಾರಿ ಮಾಡಿತು.

ಆದರೆ ಪೇಟೆಗೆ ಒಂದು ಸ್ವಭಾವ ಇದೆ. ದೊಡ್ಡ ಅಂಗಡಿಗಳಿಗೆ ಎಲ್ಲ ಪೀಸೂ ಒಂದೇ ಥರ ಇರಬೇಕು. ನೇರ ಗೆರೆ, ಒಂದೇ ಅಳತೆ, ಹೊಸ ಬಟ್ಟೆ. 'ನನ್ನ ದಾರಿ' ಅಂತ ಹೊಲಿಯುತ್ತಿದ್ದವರಿಗೆ ಸ್ಪೆಸಿಫಿಕೇಷನ್ ಬಂತು! 1972ರಲ್ಲಿ ಸಿಯರ್ಸ್ ಕಂಪನಿ ಕಾರ್ಡುರಾಯ್ ಬಟ್ಟೆಯಲ್ಲಿ ದಿಂಬಿನ ಕವರ್ ಹೊಲಿಯುವ ಕೆಲಸ ಕೊಟ್ಟಿತು. ಕೆಲಸ ಬೇಸರದ್ದು, ದುಡ್ಡು ನಿಜದ್ದು. ಮಜಾ ಏನಂದ್ರೆ ಕವರ್ ಹೊಲಿದು ಉಳಿದ ಕಾರ್ಡುರಾಯ್ ತುಂಡುಗಳನ್ನ ಅವರು ಮನೆಗೆ ತಂದರು. ಸಾಸಿವೆ ಹಳದಿ, ಕಡುಗೆಂಪು, ಪಾಚಿ ಹಸಿರು. 1970ರ ದಶಕದ ಜೀಸ್ ಬೆಂಡ್ ಕೌದಿಗಳಲ್ಲಿ ಕಾಣುವ ಆ ಗಾಢ ಬಣ್ಣ ಬಂದದ್ದು ಹೀಗೆ. ಹಗಲು ಕಂಪನಿ ಹೇಳಿದ ಹಾಗೆ, ರಾತ್ರಿ ತಮ್ಮ ದಾರಿಯಲ್ಲಿ. ಐಟಿಯಲ್ಲಿ ಇರುವ ನಮಗೆ ಇದನ್ನ ಬಿಡಿಸಿ ಹೇಳೋದು ಬೇಕಿಲ್ಲ ಅನ್ಸುತ್ತೆ.

ಸೌದೆ ರಾಶಿ ಮೇಲಿನ ಕೌದಿ

1990ರ ದಶಕದ ಕೊನೆಗೆ ಬರೋಣ. ವಿಲಿಯಂ ಆರ್ನೆಟ್ ಎಂಬ ಕಲಾ ಸಂಗ್ರಾಹಕ ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಕಲಾವಿದರ ಕೆಲಸ ಹುಡುಕುತ್ತಾ ತಿರುಗುತ್ತಿದ್ದ. ಒಂದು ಪುಸ್ತಕದಲ್ಲಿ ಸೌದೆ ರಾಶಿ ಮೇಲೆ ಹಾಸಿದ ಒಂದು ಕೌದಿಯ ಫೋಟೋ ನೋಡಿದ. ಹೊಲಿದವರು ಆ್ಯನಿ ಮೇ ಯಂಗ್. ನಡುವೆ ಕೆಂಪು, ಕಿತ್ತಳೆ, ಹಳದಿ ಕಾರ್ಡುರಾಯ್ ಪಟ್ಟಿಗಳ ಉರಿಯುವ ಚೌಕ, ಸುತ್ತ ಮಾಸಿದ ಡೆನಿಮ್. 1998ರಲ್ಲಿ ಹುಡುಕಿಕೊಂಡು ಜೀಸ್ ಬೆಂಡ್‌ಗೆ ಹೋದ.

ಆಕೆಗೆ ಆಶ್ಚರ್ಯ. ಹಿಂದಿನ ವಾರವಷ್ಟೇ ಕೆಲವು ಹಳೇ ಕೌದಿಗಳನ್ನ ಸೊಳ್ಳೆ ಓಡಿಸೋಕೆ ಹೊಗೆ ಹಾಕಲು ಸುಟ್ಟಿದ್ದರಂತೆ. ಫೋಟೋದ ಕೌದಿಯೂ ಅದರಲ್ಲೇ ಹೋಯಿತು ಅಂತ ಮೊದಲು ಅಂದುಕೊಂಡರು. ಮರುದಿನ ಮಂಚದ ಕೆಳಗೆಲ್ಲ ಹುಡುಕಿದಾಗ ಸಿಕ್ಕಿತು. ಬೇಕಾದ್ರೆ ಹಾಗೇ ತಗೊಂಡು ಹೋಗು ಅಂದರು. ಆತ ಅದಕ್ಕೂ ಇನ್ನು ಕೆಲವಕ್ಕೂ ಸೇರಿಸಿ ಕೆಲವು ಸಾವಿರ ಡಾಲರ್‌ನ ಚೆಕ್ ಬರೆದ. ಸುದ್ದಿ ಊರಿಗೆಲ್ಲ ಹರಡಿತು, ಯಾರೋ ಹುಚ್ಚ ಬಂದಿದ್ದಾನೆ, ಹಳೇ ಕೌದಿಗೆ ದುಡ್ಡು ಕೊಡ್ತಾನೆ ಅಂತ.

2002ರಲ್ಲಿ ಹ್ಯೂಸ್ಟನ್‌ನ ಲಲಿತಕಲಾ ಮ್ಯೂಸಿಯಂನಲ್ಲಿ 'ದ ಕ್ವಿಲ್ಟ್ಸ್ ಆಫ್ ಜೀಸ್ ಬೆಂಡ್' ಪ್ರದರ್ಶನ ಶುರುವಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ವಿಟ್ನಿ ಮ್ಯೂಸಿಯಂಗೆ ಬಂತು. ನ್ಯೂಯಾರ್ಕ್ ಟೈಮ್ಸ್‌ನ ಕಲಾ ವಿಮರ್ಶಕ ಮೈಕೆಲ್ ಕಿಮೆಲ್ಮನ್ ಇವನ್ನ ಮಾತೀಸ್, ಕ್ಲೀ ಅವರಂಥ ಆಧುನಿಕ ಕಲಾವಿದರ ಜೊತೆ ಇಟ್ಟು ಬರೆದರು. ಜೀಸ್ ಬೆಂಡ್‌ನ ಅಜ್ಜಿಯರು ಬಸ್ಸಿನಲ್ಲಿ ಬಂದು ಗೋಡೆ ಮೇಲಿನ ತಮ್ಮ ಹಾಸಿಗೆಗಳನ್ನ ನೋಡಿದರು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಹತ್ತು ಕೌದಿಗಳ ಅಂಚೆಚೀಟಿ ತಂತು. ಅದೇ 2006ರಲ್ಲಿ, 44 ವರ್ಷ ನಿಂತಿದ್ದ ದೋಣಿಯೂ ಮತ್ತೆ ಶುರುವಾಯಿತು. ಕೌದಿ ನ್ಯೂಯಾರ್ಕ್ ಮುಟ್ಟಿದ ಮೇಲೆಯೇ ಊರಿನವರಿಗೆ ನದಿ ದಾಟುವ ದೋಣಿ ವಾಪಸ್ ಬಂದದ್ದು.

2014ರಲ್ಲಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂಗೂ ಈ ಕೌದಿಗಳು ಸೇರಿದವು. ಅಲ್ಲಿ ಗೋಡೆಯ ಲೇಬಲ್ ಮೇಲೆ ಪೆಟ್‌ವೇ ಅಂತ ಬರೆದಿರುತ್ತೆ. ಒಡೆಯನೊಬ್ಬ ತನ್ನ ಸ್ವತ್ತಿನ ಮೇಲೆ ಹಾಕಿದ ಗುರುತು ಅದು. ಇವತ್ತು ಪೆಟ್‌ವೇ ಅಂದ್ರೆ ಜಗತ್ತಿಗೆ ನೆನಪಾಗುವುದು ಆ ಒಡೆಯ ಅಲ್ಲ, ಈ ಹೆಂಗಸರು. ಈ ಇಡೀ ಚರಿತ್ರೆಯಲ್ಲಿ ನನಗೆ ಅತಿ ದೊಡ್ಡದು ಅನ್ನಿಸಿದ ಸಂಗತಿ ಇದು.

ದುಡ್ಡಿನ ಮಾತು

ಕಥೆ ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿರುತ್ತೆ, ಆದರೆ ಪೂರ್ತಿ ಆಗೋದಿಲ್ಲ. ಪ್ರದರ್ಶನ ಗೆದ್ದ ಮೇಲೆ ಆ ವಿನ್ಯಾಸಗಳು ಬೆಡ್‌ಶೀಟ್, ನೆಲಹಾಸು, ಕಾರ್ಡು, ಪುಸ್ತಕ ಎಲ್ಲದರ ಮೇಲೆ ಬಂದವು. 2007ರಲ್ಲಿ ಆ್ಯನಿ ಮೇ ಯಂಗ್ ಮತ್ತು ಲೊರೆಟ್ಟಾ ಪೆಟ್‌ವೇ ಸೇರಿ ಕೆಲವರು ಆರ್ನೆಟ್ ಕುಟುಂಬದ ಮೇಲೆ ಮೊಕದ್ದಮೆ ಹೂಡಿದರು. ನಮ್ಮ ಕೆಲಸದಿಂದ ಬಂದ ಲಾಭದಲ್ಲಿ ನಮಗೆ ಸರಿಯಾದ ಪಾಲು ಸಿಕ್ಕಿಲ್ಲ ಅನ್ನೋದು ದೂರು. ಆರ್ನೆಟ್ ಕಡೆಯವರು ಅದನ್ನ ನಿರಾಕರಿಸಿದರು. 2008ರಲ್ಲಿ ಮೊಕದ್ದಮೆಗಳು ಇತ್ಯರ್ಥವಾದವು. ಯಾರದು ಸರಿ ಅಂತ ತೀರ್ಪು ಕೊಡುವ ಕೆಲಸ ನನ್ನದಲ್ಲ. ಆದರೆ ಪ್ರಶ್ನೆ ನೋಡಿ. ಕೌದಿಯನ್ನ ಮಾರಿದರೆ ಬಟ್ಟೆ ಹೋಗುತ್ತೆ. ವಿನ್ಯಾಸವೂ ಹೋಗುತ್ತಾ? ಸಾಫ್ಟ್‌ವೇರ್‌ನಲ್ಲಿ ಲೈಸೆನ್ಸ್ ಅಂತ ಒಂದು ಫೈಲ್ ಇಲ್ಲದೆ ನಾವು ಕೋಡ್ ಮುಟ್ಟೋದಿಲ್ಲ. 10 ಡಾಲರ್‌ಗೆ ಕೌದಿ ಮಾರಿದ ಹೆಂಗಸಿಗೆ ಅಂಥ ಒಂದು ಫೈಲ್ ಇದೆ ಅಂತ ಯಾರು ಹೇಳಿದ್ದರು?

ಆಮೇಲೆ ಪರಿಸ್ಥಿತಿ ಸ್ವಲ್ಪ ಸುಧಾರಿಸಿದೆ. ಆರ್ನೆಟ್ ಕಟ್ಟಿದ 'ಸೋಲ್ಸ್ ಗ್ರೋನ್ ಡೀಪ್' ಪ್ರತಿಷ್ಠಾನ ಕಲಾವಿದರ ಹಕ್ಕುಸ್ವಾಮ್ಯದ ಕಡೆ ಗಮನ ಕೊಡೋಕೆ ಶುರು ಮಾಡಿತು. 2021ರಲ್ಲಿ ಕೆಲವು ಹೆಂಗಸರು ಎಟ್ಸಿಯಲ್ಲಿ ತಮ್ಮದೇ ಹೆಸರಿನ ಅಂಗಡಿ ತೆರೆದು ನೇರವಾಗಿ ಮಾರೋಕೆ ಶುರು ಮಾಡಿದರು. 2024ರಲ್ಲಿ ಟಾರ್ಗೆಟ್ ಕಂಪನಿ ಐದು ಜನ ಜೀಸ್ ಬೆಂಡ್ ಕಲಾವಿದೆಯರ ವಿನ್ಯಾಸದಲ್ಲಿ ಬಟ್ಟೆಬರೆ ತಂದಿತು. ಹೌದು, ಬೆಂಗಳೂರಿನಲ್ಲಿ ದೊಡ್ಡ ಆಫೀಸ್ ಇರುವ ಅದೇ ಟಾರ್ಗೆಟ್. ಕಲಾವಿದೆಯರಿಗೆ ಸಿಕ್ಕದ್ದು ಇಂತಿಷ್ಟು ಅಂತ ಒಂದೇ ಮೊತ್ತ, ಮಾರಾಟದಲ್ಲಿ ಪಾಲು ಅಲ್ಲ. ಹೆಸರು ಮಾತ್ರ ಟ್ಯಾಗ್ ಮೇಲೆ ಇತ್ತು. ಅಂದ್ರೆ ಹೆಸರಿನ ಪ್ರಶ್ನೆ ಬಗೆಹರಿದಿದೆ, ಪಾಲಿನ ಪ್ರಶ್ನೆ ಇನ್ನೂ ಇದೆ.

ಹಳಿಯಾಳದ ಕವಂದಿ

ಈಗ ಮನೆ ಕಡೆ ಬರೋಣ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಾಡಿನ ಅಂಚಿನ ಊರುಗಳಲ್ಲಿ ಸಿದ್ದಿ ಜನ ಇದ್ದಾರೆ. ಗೋವಾದ ಪೋರ್ಚುಗೀಸರು ಆಫ್ರಿಕಾದ ಪೂರ್ವ ಕರಾವಳಿಯಿಂದ ಗುಲಾಮರಾಗಿ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಸಹ್ಯಾದ್ರಿಯ ಕಾಡು ಸೇರಿದರು. ಅವರ ವಂಶದವರೇ ಇವರು. ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ, ಕ್ರೈಸ್ತರೂ ಇದ್ದಾರೆ. 2003ರಲ್ಲಿ ಇಲ್ಲಿನ ಸಿದ್ದಿಗಳನ್ನ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು.

ಸಿದ್ದಿ ಹೆಂಗಸರು ಹೊಲಿಯುವ ಕೌದಿಗೆ ಕವಂದಿ ಅಂತ ಹೆಸರು. ಹಳೇ ಸೀರೆ ಕೆಳಗೆ ಹಾಸಿ, ಅದರ ಮೇಲೆ ಹಳೇ ಬಟ್ಟೆಯ ತುಂಡುಗಳು. ತಂತ್ರದಲ್ಲಿ ಇದು ಜೀಸ್ ಬೆಂಡ್‌ಗೆ ಸರಿಯಾಗಿ ಉಲ್ಟಾ. ಅಲ್ಲಿ ನಡುವಿನಿಂದ ಹೊರಗೆ, ಇಲ್ಲಿ ಅಂಚಿನಿಂದ ಒಳಗೆ. ಒಂದು ಮೂಲೆಯಲ್ಲಿ ಶುರು ಮಾಡಿ, ತುಂಡುಗಳ ಅಂಚು ಮಡಿಚಿ ಹೊಲಿಯುತ್ತಾ, ಸುತ್ತು ಹಾಕುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ಅಲ್ಲಿ ಮೇಲ್ಪದರ ಜೋಡಿಸೋದು ಒಂದು ಹಂತ, ಪದರ ಸೇರಿಸಿ ಹೊಲಿಯೋದು ಇನ್ನೊಂದು. ಇಲ್ಲಿ ಎರಡೂ ಒಂದೇ ಹೊಲಿಗೆಯಲ್ಲಿ ಆಗುತ್ತೆ, ಆ ಹೊಲಿಗೆಯೇ ಸುತ್ತು ಸುತ್ತಾಗಿ ಮೈತುಂಬ ಕಾಣುತ್ತೆ. ಕೊನೆಗೆ ನಾಲ್ಕೂ ಮೂಲೆಗೆ ಮಡಿಚಿದ ಬಟ್ಟೆಯ ಸಣ್ಣ ತ್ರಿಕೋನ ಸೇರಿಸುತ್ತಾರೆ. ಅದಕ್ಕೆ 'ಫೂಲ' ಅಂತಾರೆ, ಹೂವು. ಹೂವಿಲ್ಲದ ಕವಂದಿ ಬೆತ್ತಲೆ ಅಂತ ಅವರ ಲೆಕ್ಕ. ಕ್ರೈಸ್ತ ಸಿದ್ದಿಯರ ಕವಂದಿಯಲ್ಲಿ ಕೆಲವೊಮ್ಮೆ ಶಿಲುಬೆ ಬರುತ್ತೆ, ಮುಸ್ಲಿಂ ಸಿದ್ದಿಯರದ್ದರಲ್ಲಿ ಅರ್ಧಚಂದ್ರ.

ಹಳೇ ಸೀರೆ, ಸಾಲು ಹೊಲಿಗೆ, ಇವು ಇಡೀ ದಖನ್ನಿನ ಆಸ್ತಿ. ಆದರೆ ಎದ್ದು ಕಾಣುವ ಬಣ್ಣಗಳನ್ನ ಹೆದರದೆ ಪಕ್ಕಪಕ್ಕ ಇಡುವ ಧೈರ್ಯ ನೋಡಿದಾಗ ಜೀಸ್ ಬೆಂಡ್ ನೆನಪಾಗದೆ ಇರೋದಿಲ್ಲ. ಈ ಸಂಬಂಧವನ್ನ ಗಮನಿಸಿದವರು ಹೆನ್ರಿ ಡ್ರೂವಲ್, ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಆಫ್ರಿಕನ್ ಕಲೆಯ ಪ್ರಾಧ್ಯಾಪಕರಾಗಿದ್ದವರು. 2004ರಲ್ಲಿ ಅವರ ಪ್ರಯತ್ನದಿಂದ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘ ಶುರುವಾಯಿತು. ಆಮೇಲೆ ಅಮೆರಿಕದಲ್ಲಿ ಪ್ರದರ್ಶನಗಳಾದವು. ಎರಡು ಸಮುದ್ರ ದಾಟಿ ಬೇರೆ ಬೇರೆ ದಿಕ್ಕಿಗೆ ಹೋದ ಆಫ್ರಿಕದ ಜನ, ಇಬ್ಬರೂ ಗುಲಾಮರಾಗಿ ಹೋದವರು, ಇಬ್ಬರ ಕೈಯಲ್ಲೂ ಹಳೇ ಬಟ್ಟೆ.

ಇವತ್ತು ಕವಂದಿ ಅನ್ನೋ ಪದ ಹೊರದೇಶದ ಕ್ವಿಲ್ಟ್ ಪ್ರಿಯರಿಗೆ ಚೆನ್ನಾಗಿ ಗೊತ್ತು. ಯೂಟ್ಯೂಬ್‌ನಲ್ಲಿ ಹುಡುಕಿದರೆ ಕಲಿಸುವ ವಿಡಿಯೋಗಳು ಸಿಗುತ್ತವೆ, ದುಡ್ಡು ಕೊಟ್ಟು ಸೇರುವ ವರ್ಕ್‌ಶಾಪ್‌ಗಳೂ ಇವೆ. ನಾನು ನೋಡಿದವರಲ್ಲಿ ಹೆಚ್ಚಿನವರು ಗೌರವದಿಂದ ಸಿದ್ದಿ ಜನರ ಹೆಸರು ಹೇಳ್ತಾರೆ, ಅದನ್ನ ಒಪ್ಪಬೇಕು. ಆದರೆ 'ಸಿದ್ದಿ ಮಹಿಳೆಯರು' ಅಂತ ಹೇಳಿ ಮುಂದೆ ಹೋಗ್ತಾರೆ. 'ಜೀಸ್ ಬೆಂಡ್‌ನ ಹುಡುಗಿ' ಅಂದ ಹಾಗೆ. ಜೀಸ್ ಬೆಂಡ್‌ನಲ್ಲಿ ಆರ್ಟೀಲಿಯಾಳಿಂದ ಲೊರೆಟ್ಟಾ ತನಕ, ಫೋಟೋದಿಂದ ಲೇಬಲ್ ತನಕ ಬರೋಕೆ 65 ವರ್ಷ ಬೇಕಾಯಿತು. ಹಳಿಯಾಳದಲ್ಲಿ ಅಷ್ಟು ಕಾಯಬೇಕಾ?

ಇದರಲ್ಲಿ ನಮಗೇನು?

ನಾವೆಲ್ಲ ಊರು ಬಿಟ್ಟು ಬಂದವರು. ಪುಣೆಯ ನನ್ನ ಎರಡು ರೂಮಿನ ಫ್ಲಾಟ್‌ನಲ್ಲಿ ಹಳೇ ಬಟ್ಟೆಗೆ ಜಾಗ ಇಲ್ಲ. ಸೊಸೈಟಿ ಗೇಟಿನ ಹತ್ತಿರ ಬಟ್ಟೆ ಹಾಕೋ ಡಬ್ಬಿ ಇದೆ, ತುಂಬಿದ ಹಾಗೆ ಯಾರೋ ಒಯ್ತಾರೆ. ಪಾಲಿಯೆಸ್ಟರ್ ಮಿಶ್ರಿತ ಟೀಶರ್ಟು ಕೌದಿಗೆ ಆಗಿಬರೋದೂ ಇಲ್ಲ. ಮತ್ತೆ ಎಲ್ಲರೂ ಸೂಜಿ ಹಿಡಿಯಿರಿ ಅಂತ ಹೇಳೋಕೆ ನಾನು ಈ ಎಪಿಸೋಡ್ ಮಾಡಲಿಲ್ಲ. ಲೊರೆಟ್ಟಾ ಪೆಟ್‌ವೇ ಕೇಳಿದರೆ ನಗ್ತಾರೆ.

ನನ್ನ ಮಾತು ಇಷ್ಟೇ. ಒಂದು ಕೌದಿಯಲ್ಲಿ ಮೂರು ಥರದ ಚರಿತ್ರೆ ಇರುತ್ತೆ. ತೊಟ್ಟವರದು, ಹೊಲಿದವರದು, ಆಮೇಲೆ ಇಟ್ಟುಕೊಂಡವರದು. ಮ್ಯೂಸಿಯಂಗಳು ಮೂರನೆಯದನ್ನ ಚೆನ್ನಾಗಿ ಬರೆದಿಡುತ್ತವೆ, ಯಾವ ವರ್ಷ ಯಾರಿಂದ ಬಂತು ಅಂತ. ಮೊದಲ ಎರಡು ಉಳಿಯೋದು ಯಾರಾದರೂ ಕೇಳಿ ಬರೆದಿಟ್ಟರೆ ಮಾತ್ರ. ಮಿಸೌರಿಯ ಕೌದಿ ಅಷ್ಟು ಮಾತಾಡೋದು ಯಾಕೆ? ಅವಳ ಮಗಳನ್ನ ಒಬ್ಬರು ಕೇಳಿದರು, ಅವಳು ಹೇಳಿದಳು. ಕೇಳದೇ ಇದ್ದಿದ್ದರೆ ಅದು 'ಹಳೇ ಡೆನಿಮ್ ಕೌದಿ, 1940ರ ದಶಕ' ಅಂತ ಒಂದು ಸಾಲು ಆಗಿ ಉಳಿಯುತ್ತಿತ್ತು.

ನನ್ನ ಹತ್ತಿರ ನಮ್ಮ ಆಯಿ, ಅಂದ್ರೆ ಅಜ್ಜಿ, ಹೊಲಿದ ಒಂದು ಕೌದಿ ಇದೆ. ಮೂರು ಊರು, ಐದು ಬಾಡಿಗೆ ಮನೆ ಸುತ್ತಿದೆ. ಹೋದ ದೀಪಾವಳಿಗೆ ಅವ್ವ ಪುಣೆಗೆ ಬಂದಾಗ ಅದನ್ನ ನೆಲದ ಮೇಲೆ ಹಾಸಿ, ಫೋನಿನಲ್ಲಿ ರೆಕಾರ್ಡ್ ಹಚ್ಚಿ, ಒಂದೊಂದು ತುಂಡಿನ ಮೇಲೆ ಬೆರಳಿಟ್ಟು ಇದು ಯಾರದು ಅಂತ ಕೇಳಿದೆ. ಹಸಿರು ಅಂಚು ಅಮ್ಮನ ಮದುವೆಯ ಹೊತ್ತಿನ ಇಳಕಲ್ ಸೀರೆ. ಖಾಕಿ ತುಂಡು ಕಾಕಾನ ಶಾಲೆ ಚಡ್ಡಿ. ಒಂದು ಬಿಳಿ ತುಂಡಿನ ಹತ್ತಿರ ಅವ್ವ ಸುಮ್ಮನಾದಳು, ಆಮೇಲೆ ಅಜ್ಜನ ಧೋತರ ಅಂದಳು. ನಲವತ್ತು ನಿಮಿಷದ ಆಡಿಯೋ. ಹದಿನೇಳು ತುಂಡುಗಳ ಹೆಸರು ಸಿಕ್ಕವು, ಉಳಿದವು ಅವ್ವನಿಗೂ ಗೊತ್ತಿಲ್ಲ. ಗೊತ್ತಿದ್ದ ಒಬ್ಬಳು ಈಗ ಇಲ್ಲ.

ಈ ವಾರ ಊರಿಗೆ ಫೋನ್ ಮಾಡಿದಾಗ ಒಂದು ಪ್ರಶ್ನೆ ಕೇಳಿ ನೋಡಿ, ನಮ್ಮನೆ ಕೌದಿ ಹೊಲಿದವರು ಯಾರು ಅಂತ. ಮನೆಯವರೇ ಇರಬಹುದು, ದವಸ ಇಸ್ಕೊಂಡು ಹೊಲಿದುಕೊಟ್ಟ ಇನ್ನೊಬ್ಬ ಹೆಂಗಸು ಇರಬಹುದು. ಹೆಸರು ಸಿಕ್ಕರೆ ಒಂದು ಬಟ್ಟೆ ಚೂರಿನ ಮೇಲೆ ಬರೆದು ಕೌದಿಯ ಮೂಲೆಗೆ ಹೊಲಿದುಬಿಡಿ. ಮತ್ತೆ ಹಳಿಯಾಳ, ಯಲ್ಲಾಪುರ ಕಡೆ ಹೋಗಿ ಕವಂದಿ ಕೊಂಡರೆ, ಚೌಕಾಸಿ ಮಾಡೋಕೆ ಮುಂಚೆ ಹೊಲಿದವರ ಹೆಸರು ಕೇಳಿ. ಆಮೇಲೆ ಚೌಕಾಸಿ ಮಾಡೋಕೆ ಮನಸ್ಸು ಬರುತ್ತಾ ನೋಡಿ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.